ನಾಲ್ಕನೆಯ ಸ್ಥಾನದ ಹನ್ನೆರಡು ಅಂಕ

ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನವೊಂದು ಬೇಕೆಂದು ಸಂಘದ ಮಿತ್ರರು ಕೇಳಿದಾಗ, ಗಡಿನಾಡಿನ ಕನ್ನಡದ ಸ್ಥಿತಿಗತಿಯ ಕುರಿತು ನಾವು ಬರೆಯುವೆವೆಂದೇ ಅವರು ಎಣಿಸಿರಬೇಕು. ಆ ವಿಷಯದ ಮೇಲೆ ಅಧಿಕಾರದಿಂದ ಬರೆಯಬಲ್ಲ ವಿದ್ವಾಂಸರು ನಮ್ಮ ನಡುವೆ ಸಾಕಷ್ಟು ಮಂದಿ ಇದ್ದಾರೆ. ನಾವು ಬರೆಯಹೊರಟಿರುವುದು ಮೋಟಾರು ಕಾರುಗಳ ಓಟದ ಕುರಿತು. ಎಪ್ಪತ್ತು ದಾಟಿದ ನಿವೃತ್ತ ಮುಖ್ಯೋಪಾಧ್ಯಾಯರಿಗೂ ಕಾರು ಪಂದ್ಯಕ್ಕೂ ಏನು ಸಂಬಂಧವೆಂದು ಓದುಗರು ಕೇಳಿದರೆ ಅದು ನ್ಯಾಯವೇ. ನಾವು ಇಂದಿಗೂ ಕಾರು ಓಡಿಸಲು ಕಲಿತವರಲ್ಲ. ಆದರೆ 2016ನೆಯ ಇಸವಿಯ ಏಪ್ರಿಲಿನಿಂದ ನವೆಂಬರಿನವರೆಗೆ ನಡೆದ ಒಂದು ಓಟದ ಋತುವನ್ನು ನಾವು ಮೂವರು ವೃದ್ಧರು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಿದೆವು. ಅದೇ ತಿಂಗಳುಗಳಲ್ಲಿ ನಾವು ಕೈಗೆತ್ತಿಕೊಂಡಿದ್ದ ಇನ್ನೊಂದು ಕೆಲಸಕ್ಕೆ ಆ ಓಟದಿಂದ ಒದಗಿದ ಧೈರ್ಯ ಸಣ್ಣದಲ್ಲ. ಅದನ್ನು ಇಲ್ಲಿ ದಾಖಲಿಸುವುದಷ್ಟೇ ನಮ್ಮ ಉದ್ದೇಶ.

ಮೂವರೆಂದರೆ ಗಣಿತದ ಮಾಸ್ತರರು, ಡ್ರಿಲ್ ಮಾಸ್ತರರು ಮತ್ತು ಈ ಸಾಲುಗಳನ್ನು ಬರೆಯುತ್ತಿರುವ ನಾವು. ಕಾಸರಗೋಡಿನ ಒಳನಾಡಿನ ಒಂದೇ ಶಾಲೆಯಲ್ಲಿ ಬಹುಕಾಲ ದುಡಿದು, ಎರಡು ಮೂರು ವರ್ಷಗಳ ಅಂತರದಲ್ಲಿ ನಿವೃತ್ತರಾದವರು. ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಸೇರಿ ಅಡಿಕೆಯ ಧಾರಣೆ, ಯಕ್ಷಗಾನ, ಪಿಂಚಣಿಯ ಬಾಕಿ ಇವುಗಳ ಕುರಿತು ಮಾತನಾಡುವುದು ಪದ್ಧತಿ. ಆ ವರ್ಷದ ಏಪ್ರಿಲಿನಲ್ಲಿ ಶಾಲೆಯಿಂದ ಒಂದು ವರ್ತಮಾನ ಬಂತು. ಒಂದನೆಯ ತರಗತಿಯ ಕನ್ನಡ ವಿಭಾಗಕ್ಕೆ ಮಕ್ಕಳು ಸಾಲದು. ಜೂನಿನಲ್ಲಿ ಲೆಕ್ಕ ತುಂಬದಿದ್ದರೆ ವಿಭಾಗ ಬೀಳುತ್ತದೆ. ನಮ್ಮ ಕಡೆಯ ಅಧ್ಯಾಪಕರೆಲ್ಲರಿಗೂ ಡಿವಿಷನ್ ಫಾಲ್ ಎಂಬ ಮಾತು ಗೊತ್ತು. ಒಂದು ವಿಭಾಗ ಬಿದ್ದರೆ ಒಂದು ಹುದ್ದೆ ಹೋಗುತ್ತದೆ. ಒಂದನೆಯ ತರಗತಿಯಲ್ಲಿ ಬಿದ್ದದ್ದು ಮರುವರ್ಷ ಎರಡನೆಯದರಲ್ಲಿ, ಅದರ ಮರುವರ್ಷ ಮೂರನೆಯದರಲ್ಲಿ ಬೀಳುತ್ತ ಹೋಗಿ ಹತ್ತು ವರ್ಷಗಳಲ್ಲಿ ಶಾಲೆಯಲ್ಲಿ ಕನ್ನಡವೇ ಇಲ್ಲವಾಗುತ್ತದೆ. ಮನೆ ಮನೆಗೆ ಹೋಗಿ ಮಕ್ಕಳನ್ನು ಕೇಳುವುದೆಂದು ಮೂವರೂ ನಿಶ್ಚಯಿಸಿದೆವು.

ಅದೇ ದಿನಗಳಲ್ಲಿ ನಮ್ಮ ಮೊಮ್ಮಗ ಮಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ಶನಿವಾರ ಮನೆಗೆ ಬಂದರೆ ಜಗಲಿಯ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂರುವವನು. ಒಂದು ಭಾನುವಾರ ಗಂಟೆಗಟ್ಟಲೆ ಕಾರುಗಳ ಗುಂಯ್‌ಗುಟ್ಟುವಿಕೆ ಕೇಳಿಸಿತು. "ಎಷ್ಟು ಹೊತ್ತಿನ ಓಟವಪ್ಪ ಇದು?" ಎಂದು ಡ್ರಿಲ್ ಮಾಸ್ತರರು ಕೇಳಿದರು. "ಆರು ಗಂಟೆಯದ್ದು ಮಾಸ್ತರರೇ. ಜೂನಿನಲ್ಲಿ ಇಪ್ಪತ್ತನಾಲ್ಕು ಗಂಟೆಯದ್ದಿದೆ" ಎಂದ. ನಮಗೆ ಗೊತ್ತಿದ್ದ ಓಟವೆಂದರೆ ಕಂಬಳ. ಅಲ್ಲಿ ಕೋಣಗಳು ಕೆಸರು ಗದ್ದೆಯನ್ನು ದಾಟುವುದು ಕೆಲವೇ ಕ್ಷಣಗಳಲ್ಲಿ. ಒಂದು ಉಸಿರು ಬಿಡುವಷ್ಟರಲ್ಲಿ ಸೋಲು ಗೆಲುವು ತೀರ್ಮಾನವಾಗುತ್ತದೆ. ಇಪ್ಪತ್ತನಾಲ್ಕು ಗಂಟೆಯ ಓಟವೆಂದರೆ ಏನೆಂಬ ಕುತೂಹಲದಿಂದ ಡ್ರಿಲ್ ಮಾಸ್ತರರು ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲಿ ಕುಳಿತರು. ನಾವಿಬ್ಬರೂ ಹಿಂದೆ ನಿಂತೆವು.

ವಿಶ್ವ ಸಹಿಷ್ಣುತಾ ಚಾಂಪಿಯನ್‌ಷಿಪ್ ಎಂದು ಆ ಪಂದ್ಯಮಾಲೆಯನ್ನು ಕನ್ನಡದಲ್ಲಿ ಕರೆಯಬಹುದು. ಈಗಿನ ರೂಪದಲ್ಲಿ ಅದು ಆರಂಭವಾದದ್ದು 2012ರಲ್ಲಿ. ಆದರೆ ಅದರ ಹೃದಯವಾಗಿರುವ ಫ್ರಾನ್ಸಿನ ಓಟ 1923ರಷ್ಟು ಹಳೆಯದು. ಆ ಊರಿನ ಹೆಸರನ್ನು ಲೆ ಮಾನ್ಸ್ ಎಂಬಂತೆ ಬರೆದು ಲ ಮಾನ್ ಎಂದು ಓದಬೇಕಂತೆ. ಭಾಷೆಯ ಅಧ್ಯಾಪಕರಾಗಿ ಇದು ನಮಗೆ ತುಂಬ ಹಿಡಿಸಿತು. 2016ರ ಋತುವಿನಲ್ಲಿ ಒಂಬತ್ತು ಓಟಗಳು: ಇಂಗ್ಲೆಂಡಿನ ಸಿಲ್ವರ್‌ಸ್ಟೋನ್, ಬೆಲ್ಜಿಯಮ್ಮಿನ ಸ್ಪಾ, ಫ್ರಾನ್ಸಿನ ಲ ಮಾನ್, ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್, ಮೆಕ್ಸಿಕೋ ನಗರ, ಅಮೆರಿಕದ ಆಸ್ಟಿನ್, ಜಪಾನಿನ ಫೂಜಿ, ಚೀನದ ಶಾಂಘೈ, ಕೊನೆಯದಾಗಿ ಬಹರೈನ್. ಲ ಮಾನ್ ಒಂದನ್ನುಳಿದು ಮಿಕ್ಕವೆಲ್ಲ ಆರು ಗಂಟೆಯ ಓಟಗಳು.

ಲ ಮಾನ್‌ನಲ್ಲಿ ಒಂದೊಂದು ಕಾರಿಗೂ ಮೂವರು ಚಾಲಕರು. ಒಬ್ಬನು ಯಾವುದೇ ಆರು ಗಂಟೆಗಳ ಅವಧಿಯಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ; ಇಡೀ ದಿನದಲ್ಲಿ ಒಟ್ಟು ಹದಿನಾಲ್ಕು ಗಂಟೆ ಮೀರುವಂತಿಲ್ಲ. ಒಬ್ಬನು ದಣಿದು ಇಳಿಯುವಾಗ ಇನ್ನೊಬ್ಬನು ಕ್ಷಣಮಾತ್ರದಲ್ಲಿ ಏರುತ್ತಾನೆ. ಕಾರು ಮಾತ್ರ ಒಂದೇ. "ಇದು ನಮ್ಮ ಆಟದ ಹಾಗೆಯೇ ಆಯಿತಲ್ಲ" ಎಂದರು ಗಣಿತದ ಮಾಸ್ತರರು. ರಾತ್ರಿಯಿಡೀ ನಡೆಯುವ ಬಯಲಾಟದಲ್ಲಿ ಮೊದಲ ಜಾವಕ್ಕೆ ಒಬ್ಬ ಭಾಗವತರು, ನಡುರಾತ್ರಿಯ ಬಳಿಕ ಪ್ರಧಾನ ಭಾಗವತರು. ಜಾಗಟೆ ಕೈಯಿಂದ ಕೈಗೆ ದಾಟುತ್ತದೆ, ಪ್ರಸಂಗ ನಿಲ್ಲುವುದಿಲ್ಲ. ಬೆಳಗಿನ ಜಾವದ ಪದ್ಯವನ್ನು ಕೇಳಿ ಮೈಮರೆಯುವವರು, ರಾತ್ರಿ ಹತ್ತು ಗಂಟೆಗೆ ಖಾಲಿ ಚಾಪೆಗಳ ಮುಂದೆ ಹಾಡಿದವರನ್ನು ನೆನೆಯುವುದು ಅಪರೂಪ.

ಮೋಟಾರಿನ ಒಳಗುಟ್ಟನ್ನು ಮೊಮ್ಮಗ ತಾಳ್ಮೆಯಿಂದ ವಿವರಿಸಿದ. ಅಗ್ರ ವರ್ಗದಲ್ಲಿ ಮೂರು ಕಂಪೆನಿಗಳ ಪೈಪೋಟಿ. ಜರ್ಮನಿಯ ಆಡಿಯದು ಡೀಸೆಲ್ ಎಂಜಿನ್. ಜರ್ಮನಿಯದೇ ಆದ ಪೋರ್ಷೆಯದು ಎರಡು ಲೀಟರಿನ, ನಾಲ್ಕು ಸಿಲಿಂಡರುಗಳ ಪೆಟ್ರೋಲ್ ಎಂಜಿನ್. ಜಪಾನಿನ ಟೊಯೋಟಾದ್ದು ಆರು ಸಿಲಿಂಡರುಗಳ ಪೆಟ್ರೋಲ್ ಎಂಜಿನ್. ಮೂರರಲ್ಲಿಯೂ ಬ್ರೇಕು ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಬ್ಯಾಟರಿಯಲ್ಲಿ ಹಿಡಿದಿಟ್ಟು, ವೇಗ ಹೆಚ್ಚಿಸುವಾಗ ಮರಳಿ ಚಕ್ರಗಳಿಗೆ ಕೊಡುವ ವ್ಯವಸ್ಥೆ. ಒಂದು ಸುತ್ತಿಗೆ ಇಷ್ಟೇ ಇಂಧನವೆಂಬ ಕಟ್ಟುಪಾಡೂ ಆಗ ಇತ್ತು. ಬೇಕಾಬಿಟ್ಟಿ ಸುರಿದು ಓಡಿಸಿದವನು ಗೆಲ್ಲುವಂತಿರಲಿಲ್ಲ. ಸಂಸಾರಸ್ಥನ ಹಾಗೆ ಲೆಕ್ಕ ಹಾಕಿ ಓಡಿಸಬೇಕಿತ್ತು. ಇನ್ನೊಂದು ಸಂಗತಿ ನಮ್ಮನ್ನು ಬೆರಗುಗೊಳಿಸಿತು. ಅತಿವೇಗದ ಈ ಕಾರುಗಳ ಜೊತೆಗೆ, ಅದೇ ದಾರಿಯಲ್ಲಿ, ಅದೇ ಹೊತ್ತಿನಲ್ಲಿ, ಕಡಿಮೆ ವೇಗದ ಬೇರೆ ವರ್ಗಗಳ ಕಾರುಗಳೂ ತಮ್ಮ ತಮ್ಮೊಳಗೆ ಸ್ಪರ್ಧಿಸುತ್ತಿರುತ್ತವೆ. ಏಕೋಪಾಧ್ಯಾಯ ಶಾಲೆಯಲ್ಲಿ ಒಂದೇ ಕೋಣೆಯಲ್ಲಿ ನಾಲ್ಕು ತರಗತಿ ನಡೆಸಿದವರಿಗೆ ಆ ಕಷ್ಟ ಅರ್ಥವಾದೀತು. ಮುಂದೆ ಹೋಗುವವನು ಹಿಂದಿನವನನ್ನು ತಟ್ಟದೆ ದಾಟಬೇಕು. ಹಿಂದಿನವನು ತನ್ನ ಪಾಠ ಬಿಡದೆ ದಾರಿ ಕೊಡಬೇಕು.

ಏಪ್ರಿಲ್ 17ರ ಸಿಲ್ವರ್‌ಸ್ಟೋನ್ ಓಟವೇ ನಮಗೆ ಮೊದಲ ಪಾಠ. ಆಡಿಯ ಏಳನೆಯ ಸಂಖ್ಯೆಯ ಕಾರು ಎಲ್ಲರಿಗಿಂತ ಮೊದಲು ಗುರಿ ಮುಟ್ಟಿತು. ಓಟ ಮುಗಿದ ಮೇಲೆ ಪರಿಶೀಲನೆ ನಡೆದಾಗ, ಕಾರಿನ ಅಡಿಯಲ್ಲಿ ಕಟ್ಟುವ ಪಟ್ಟಿ ನಿಯಮ ಹೇಳಿದ್ದಕ್ಕಿಂತ ಹೆಚ್ಚು ಸವೆದಿದೆಯೆಂದು ಕಂಡುಬಂದು ಅದನ್ನು ಅನರ್ಹಗೊಳಿಸಿದರು. ಗೆಲುವು ಪೋರ್ಷೆಯ ಎರಡನೆಯ ಸಂಖ್ಯೆಯ ಕಾರಿಗೆ ಬಂತು. ಅದರ ಚಾಲಕರು ಫ್ರಾನ್ಸಿನ ರೊಮೇನ್ ಡ್ಯೂಮಾ, ಸ್ವಿಟ್ಜರ್ಲೆಂಡಿನ ನೀಲ್ ಯಾನಿ, ಜರ್ಮನಿಯ ಮಾರ್ಕ್ ಲೀಬ್. ಗಣಿತದ ಮಾಸ್ತರರು ಮರುದಿನವೇ ನೂರು ಪುಟದ ಗೆರೆ ಪುಸ್ತಕವೊಂದನ್ನು ತಂದು, ಕಾರುಗಳಿಗೆ ಹಾಜರಿ ಪುಸ್ತಕದಂತೆ ಕಾಲಮ್ಮು ಹಾಕಿದರು. ಮೊದಲ ಸ್ಥಾನಕ್ಕೆ 25, ಎರಡಕ್ಕೆ 18, ಮೂರಕ್ಕೆ 15, ನಾಲ್ಕಕ್ಕೆ 12, ಐದಕ್ಕೆ 10, ಆರಕ್ಕೆ 8. ಅದೇ ಪುಸ್ತಕದ ಹಿಂದಿನ ಹಾಳೆಗಳಲ್ಲಿ ನಾವು ಭೇಟಿ ಕೊಟ್ಟ ಮನೆಗಳ ಪಟ್ಟಿ ಬೆಳೆಯತೊಡಗಿತು.

ಮೇ ತಿಂಗಳ ಬಿಸಿಲಿನಲ್ಲಿ ಗುಡ್ಡ ಹತ್ತಿ ಇಳಿದು ಮನೆಗಳಿಗೆ ಹೋದೆವು. ಎಲ್ಲೆಡೆಯೂ ಆದರವೇ ಸಿಕ್ಕಿತು. ಬೆಲ್ಲ ನೀರು, ಮಜ್ಜಿಗೆ, ಹಲಸಿನ ಹಣ್ಣು. ಮಕ್ಕಳ ಮಾತು ಬಂದಾಗ ಮಾತ್ರ ಮೌನ. ನಮ್ಮದೇ ಶಿಷ್ಯನೊಬ್ಬ ಕೈಕಟ್ಟಿ ನಿಂತು, "ಸರ್, ನೀವು ಹೇಳಿದರೆ ಇಲ್ಲವೆನ್ನುವುದು ಹೇಗೆ? ಆದರೆ ನಾಳೆ ಮಗು ದೊಡ್ಡದಾಗಿ ನನ್ನನ್ನು ಕೇಳಿದರೆ ಉತ್ತರ ಕೊಡುವುದು ನೀವಲ್ಲ, ನಾನು" ಎಂದ. ಅವನ ಮಾತಿನಲ್ಲಿ ಅವಿಧೇಯತೆಯಿರಲಿಲ್ಲ; ಭಯವಿತ್ತು. ಆ ಭಯವನ್ನು ಭಾಷಣದಿಂದ ತೊಲಗಿಸಲಾಗದೆಂದು ಅಂದೇ ಮನವರಿಕೆಯಾಯಿತು. ಬೆಳಗಿನಿಂದ ಸಂಜೆಯವರೆಗೆ ನಡೆದು, ಒಂದು ಮಗು ಖಚಿತವಾದ ದಿನವನ್ನು ನಾವು ಒಳ್ಳೆಯ ದಿನವೆಂದು ಲೆಕ್ಕ ಹಾಕಿದೆವು.

ಮೇ 7ರ ಸ್ಪಾ ಓಟದಲ್ಲಿ ಎಂಜಿನ್ನುಗಳು ಕೆಟ್ಟು ಟೊಯೋಟಾದ ಎರಡು ಕಾರುಗಳೂ ಹಿಂದೆ ಬಿದ್ದವು. ಪೋರ್ಷೆಯ ಒಂದನೆಯ ಸಂಖ್ಯೆಯ ಕಾರಿಗೆ ಟೈರು ಒಡೆಯಿತು, ಗೇರು ಪೆಟ್ಟಿಗೆ ಕೈಕೊಟ್ಟಿತು. ಆಡಿಯ ಎಂಟನೆಯ ಸಂಖ್ಯೆಯ ಕಾರು ಗೆದ್ದಿತು. ಆದರೆ ನಾವು ಗಮನಿಸಿದ್ದು ಎರಡನೆಯ ಸಂಖ್ಯೆಯ ಪೋರ್ಷೆಯನ್ನು. ಅದರ ಬ್ಯಾಟರಿಯ ನೆರವು ನಡುವೆಯೇ ನಿಂತುಹೋಗಿತ್ತು. ಅರ್ಧ ಬಲದಲ್ಲಿ ಓಡುತ್ತಲೇ ಅದು ಎರಡನೆಯ ಸ್ಥಾನ ಪಡೆಯಿತು. ಗಣಿತದ ಮಾಸ್ತರರು 18 ಎಂದು ಬರೆದರು.

ಜೂನ್ ಬಂತು, ಮಳೆಯೂ ಬಂತು. ಕೇರಳದ ಶಾಲೆಗಳಲ್ಲಿ ಆರನೆಯ ಕೆಲಸದ ದಿನದ ಎಣಿಕೆ ಎಂಬುದೊಂದಿದೆ. ಶಾಲೆ ತೆರೆದು ಆರನೆಯ ದಿನ ಎಷ್ಟು ಮಕ್ಕಳಿದ್ದಾರೋ ಆ ವರ್ಷದ ಹುದ್ದೆಗಳು ಅಷ್ಟಕ್ಕೆ ನಿಗದಿಯಾಗುತ್ತವೆ. ಏಳನೆಯ ದಿನ ಹತ್ತು ಮಕ್ಕಳು ಬಂದು ಸೇರಿದರೂ ಪ್ರಯೋಜನವಿಲ್ಲ. ಆ ದಿನ ಬೆಳಿಗ್ಗೆ ನಾವು ಮೂವರೂ ಶಾಲೆಯ ಜಗಲಿಯಲ್ಲಿ ಕೊಡೆ ಮಡಚಿ ನಿಂತಿದ್ದೆವು. ನಾವು ಒಪ್ಪಿಸಿದ್ದ ಮಕ್ಕಳಲ್ಲಿ ಇಬ್ಬರು ಬಂದಿರಲಿಲ್ಲ. ತೋಡಿನ ಆಚೆಯ ಮನೆಯ ಅಕ್ಕ, ತಮ್ಮನ ಮಗ. ರಾತ್ರಿಯ ಮಳೆಗೆ ತೋಡು ತುಂಬಿ, ಅಡಿಕೆ ಮರದ ಸಂಕದ ಮೇಲೆ ನೀರು ಹರಿಯುತ್ತಿತ್ತು. ಡ್ರಿಲ್ ಮಾಸ್ತರರು ಒಂದು ಮಾತೂ ಆಡದೆ ರಸ್ತೆಗಿಳಿದು ರಿಕ್ಷಾ ಹಿಡಿದರು. ಮುಖ್ಯರಸ್ತೆಯಿಂದ ಸುತ್ತಿ ಹೋಗಲು ಆರು ಮೈಲಿ. ಹನ್ನೊಂದು ಗಂಟೆಯ ಹೊತ್ತಿಗೆ ರಿಕ್ಷಾ ಅಂಗಳಕ್ಕೆ ಬಂತು. ಒದ್ದೆಯಾದ ಇಬ್ಬರು ಮಕ್ಕಳು ಇಳಿದರು. ಅವರ ಚೀಲಗಳನ್ನು ಎದೆಗವಚಿಕೊಂಡು ಮಾಸ್ತರರೂ ಇಳಿದರು. ಒಂಬತ್ತು ಮಕ್ಕಳಾದರು. ಲೆಕ್ಕ ತುಂಬಿತು. ವಿಭಾಗ ಉಳಿಯಿತು.

ಲ ಮಾನ್ ಓಟ ನಡೆದದ್ದು ಇದಾಗಿ ಸುಮಾರು ಹತ್ತು ದಿನಗಳಲ್ಲಿ, ಜೂನ್ 18 ಮತ್ತು 19ರಂದು. ಅಲ್ಲಿಯ ಮಧ್ಯಾಹ್ನ ಮೂರೆಂದರೆ ನಮಗೆ ಸಂಜೆ ಆರೂವರೆ. ಅಲ್ಲಿಯೂ ಮಳೆ! ಎಷ್ಟು ಮಳೆಯೆಂದರೆ, ಆ ಓಟದ ಇತಿಹಾಸದಲ್ಲಿ ಮೊದಲ ಬಾರಿಗೆ ಅರವತ್ತು ಕಾರುಗಳೂ ರಕ್ಷಣಾ ಕಾರಿನ ಹಿಂದೆ ಮೆರವಣಿಗೆಯಂತೆ ಸಾಲಾಗಿ ಹೊರಡಬೇಕಾಯಿತು. ಮುಕ್ಕಾಲು ಗಂಟೆಗೂ ಹೆಚ್ಚು ಕಾಲ ಯಾರೂ ಯಾರನ್ನೂ ದಾಟುವಂತಿರಲಿಲ್ಲ. ದಾರಿಯ ಒಂದು ಸುತ್ತು ಆಗ 13.629 ಕಿಲೋಮೀಟರ್ ಇತ್ತು. ಅದರ ಬಹುಭಾಗ ಉಳಿದ ದಿನಗಳಲ್ಲಿ ಊರಿನ ಜನ ಓಡಾಡುವ ಸಾರ್ವಜನಿಕ ರಸ್ತೆಯೇ. ಹೆದ್ದಾರಿಯ ನೇರ ಭಾಗದಲ್ಲಿ ಕಾರುಗಳು ಗಂಟೆಗೆ 300 ಕಿಲೋಮೀಟರ್ ಮೀರಿ ಹೋಗುತ್ತವೆ. ಹಗಲು ಮುಗಿದು ಇರುಳಾಗಿ ಮತ್ತೆ ಹಗಲಾಗುವವರೆಗೆ ಅದೇ ಸುತ್ತು, ಅದೇ ತಿರುವು.

ಜಪಾನಿನ ಟೊಯೋಟಾ ಲ ಮಾನ್‌ಗೆ ಮೊದಲು ಬಂದದ್ದು 1985ರಲ್ಲಿ. ಮೂವತ್ತು ವರ್ಷ ಮೀರಿದರೂ ಅದಕ್ಕೆ ಅಲ್ಲಿ ಗೆಲುವು ಸಿಕ್ಕಿರಲಿಲ್ಲ. ಈ ಸಲ ಅದರ ಐದನೆಯ ಸಂಖ್ಯೆಯ ಕಾರು ಗೆಲ್ಲುವುದು ಖಚಿತವೆಂದು ಎಲ್ಲರಿಗೂ ತೋರಿತು. ಒಮ್ಮೆ ತುಂಬಿದ ಇಂಧನದಲ್ಲಿ ಪೋರ್ಷೆ ಹದಿಮೂರು ಸುತ್ತು ಹೋದರೆ ಟೊಯೋಟಾ ಹದಿನಾಲ್ಕು ಹೋಗುತ್ತಿತ್ತು. ಒಂದು ಸುತ್ತಿನ ಉಳಿತಾಯ ಇಡೀ ದಿನದಲ್ಲಿ ಎಷ್ಟಾಗುತ್ತದೆಂದು ಗಣಿತದ ಮಾಸ್ತರರು ಲೆಕ್ಕ ಮಾಡಿ ತೋರಿಸಿದ್ದರು. ಆ ಕಾರಿನ ಮೂವರು ಚಾಲಕರು ಸ್ವಿಟ್ಜರ್ಲೆಂಡಿನ ಸೆಬಾಸ್ಟಿಯನ್ ಬ್ಯುಯೆಮಿ, ಇಂಗ್ಲೆಂಡಿನ ಆಂಥೊನಿ ಡೇವಿಡ್ಸನ್, ಜಪಾನಿನ ಕಜುಕಿ ನಕಜಿಮಾ. ಕೊನೆಯ ಪಾಳಿ ನಕಜಿಮಾ ಅವರದು.

ಭಾನುವಾರ ಸಂಜೆ ಮನೆಯಾಕೆ ದೇವರ ದೀಪ ಹಚ್ಚುವ ಹೊತ್ತು. ಓಟ ಮುಗಿಯಲು ಇನ್ನು ಕೆಲವೇ ನಿಮಿಷಗಳಿರುವಾಗ ಟೊಯೋಟಾದ ವೇಗ ಒಮ್ಮೆಲೇ ಕುಗ್ಗಿತು. ಮೂರು ನಿಮಿಷಗಳು ಉಳಿದಿರುವಾಗ, ತನ್ನದೇ ತಂಡದವರ ಕಣ್ಣೆದುರಿನಲ್ಲಿ, ಗೆರೆ ದಾಟಿದ ಜಾಗದಲ್ಲಿಯೇ ಅದು ನಿಂತುಬಿಟ್ಟಿತು. ಎರಡನೆಯ ಸಂಖ್ಯೆಯ ಪೋರ್ಷೆಯಲ್ಲಿದ್ದ ನೀಲ್ ಯಾನಿ ಅದನ್ನು ದಾಟಿ ಹೋದರು. ಟರ್ಬೋ ಮತ್ತು ಗಾಳಿ ತಂಪುಗೊಳಿಸುವ ಭಾಗದ ನಡುವಿನ ಕೊಳವೆಯ ಒಂದು ಜೋಡಣೆ ಕೆಟ್ಟಿತ್ತೆಂದು ಬಳಿಕ ತಿಳಿದುಬಂತು. ನಕಜಿಮಾ ಹೇಗೋ ಕಾರನ್ನು ಮತ್ತೆ ಚಾಲೂ ಮಾಡಿ ಕೊನೆಯ ಸುತ್ತನ್ನು 11 ನಿಮಿಷ 53 ಸೆಕೆಂಡುಗಳಲ್ಲಿ ತೆವಳಿ ಮುಗಿಸಿದರು. ಆದರೆ ಕೊನೆಯ ಸುತ್ತನ್ನು ಆರು ನಿಮಿಷಗಳೊಳಗೆ ಮುಗಿಸಬೇಕೆಂಬುದು ಆಗಿನ ನಿಯಮವಾಗಿತ್ತು. ಹೀಗಾಗಿ ಆ ಕಾರಿಗೆ ಎರಡನೆಯ ಸ್ಥಾನವೂ ಇಲ್ಲ, ಯಾವ ಸ್ಥಾನವೂ ಇಲ್ಲ. ಪೋರ್ಷೆ 384 ಸುತ್ತುಗಳಲ್ಲಿ 5,233 ಕಿಲೋಮೀಟರ್ ಕ್ರಮಿಸಿ ಗೆದ್ದಿತ್ತು. ಕಾಸರಗೋಡಿನಿಂದ ದಿಲ್ಲಿಗೆ ಹೋಗಿ ಬರುವ ದೂರಕ್ಕಿಂತ ಅದು ಹೆಚ್ಚು.

ಜಗಲಿಯಲ್ಲಿ ಯಾರೂ ಮಾತನಾಡಲಿಲ್ಲ. ಟೊಯೋಟಾ ತಂಡದವರು ಪರದೆಯ ಮೇಲೆ ಅಳುತ್ತಿದ್ದರು. ಗಣಿತದ ಮಾಸ್ತರರು ಪುಸ್ತಕ ತೆರೆದು ಐದನೆಯ ಸಂಖ್ಯೆಯ ಮುಂದೆ ಸೊನ್ನೆ ಬರೆದಾಗ ಡ್ರಿಲ್ ಮಾಸ್ತರರಿಗೆ ತಡೆಯಲಾಗಲಿಲ್ಲ.

"ಇಪ್ಪತ್ತಮೂರು ಗಂಟೆ ಐವತ್ತೇಳು ನಿಮಿಷ ಓಡಿದವರಿಗೆ ಸೊನ್ನೆಯೇ ಮಾಸ್ತರರೇ?"

"ನಿಯಮ ನಾನು ಮಾಡಿದ್ದಲ್ಲ ಮಾರಾಯ್ರೇ. ಸೊನ್ನೆಯೆಂದರೆ ಓಡಲಿಲ್ಲವೆಂದು ಅರ್ಥವಲ್ಲ. ಮುಟ್ಟಲಿಲ್ಲವೆಂದಷ್ಟೇ."

ಆರು ನಿಮಿಷದ ನಿಯಮವನ್ನು ಕೇಳಿದಾಗ ನಮ್ಮೆಲ್ಲರ ಕಣ್ಣ ಮುಂದೆ ಸುಳಿದದ್ದು ಆರನೆಯ ದಿನದ ಎಣಿಕೆಯೇ. ಆ ರಿಕ್ಷಾ ದಾರಿಯಲ್ಲಿ ಕೆಟ್ಟು ನಿಂತಿದ್ದರೆ? ಎರಡು ತಿಂಗಳು ನಡೆದ ನಡಿಗೆ, ಒಪ್ಪಿಸಿದ ತಂದೆ ತಾಯಂದಿರು, ಬಂದು ಕುಳಿತಿದ್ದ ಏಳು ಮಕ್ಕಳು, ಇವೆಲ್ಲವೂ ಯಾವ ಕಾಲಮ್ಮಿನಲ್ಲಿಯೂ ಬರುತ್ತಿರಲಿಲ್ಲ. ಕೊಳವೆಯ ಒಂದು ಜೋಡಣೆ, ತೋಡಿನ ಒಂದು ಸಂಕ. ದೊಡ್ಡ ಕೆಲಸಗಳು ನಿಂತಿರುವುದು ಇಂಥವುಗಳ ಮೇಲೆ.

ಋತು ಅಲ್ಲಿಗೆ ಮುಗಿಯಲಿಲ್ಲ. ನಮ್ಮ ನಿಜವಾದ ಕಲಿಕೆ ಅಲ್ಲಿಂದಲೇ ಆರಂಭವಾಯಿತು. ಲ ಮಾನ್‌ನಲ್ಲಿ ಅಂಕಗಳು ಇಮ್ಮಡಿ, ಮೊದಲ ಸ್ಥಾನಕ್ಕೆ 50. ಅರ್ಹತಾ ಸುತ್ತಿನಲ್ಲಿ ಮೊದಲಿಗರಾದುದಕ್ಕೆ ಇನ್ನೊಂದು. ಹೀಗೆ ಮೂರು ಓಟಗಳಲ್ಲಿ ಎರಡನೆಯ ಸಂಖ್ಯೆಯ ಪೋರ್ಷೆಗೆ 94 ಅಂಕಗಳಾದವು. ಉಳಿದ ಓಟಗಳನ್ನೂ ಅದು ಸೂರೆ ಮಾಡುತ್ತದೆಂದು ನಾವು ಭಾವಿಸಿದ್ದೆವು. ಆದದ್ದೇ ಬೇರೆ. ಜುಲೈಯಲ್ಲಿ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಗೆದ್ದದ್ದು ಒಂದನೆಯ ಸಂಖ್ಯೆಯ ಪೋರ್ಷೆ. ಮಾರ್ಕ್ ವೆಬರ್, ಬ್ರೆಂಡನ್ ಹಾರ್ಟ್ಲಿ, ಟಿಮೋ ಬೆರ್ನ್‌ಹಾರ್ಡ್ ಅದರ ಚಾಲಕರು. ಮೆಕ್ಸಿಕೋದಲ್ಲಿಯೂ ಅವರೇ, ಆಸ್ಟಿನ್‌ನಲ್ಲಿಯೂ ಅವರೇ, ಮುಂದೆ ಶಾಂಘೈಯಲ್ಲಿಯೂ ಅವರೇ. ಋತುವಿನಲ್ಲಿ ನಾಲ್ಕು ಗೆಲುವು. ನಮ್ಮ ಎರಡನೆಯ ಸಂಖ್ಯೆಯ ಕಾರಾದರೋ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ನಾಲ್ಕನೆಯದು, ಮೆಕ್ಸಿಕೋದಲ್ಲಿ ನಾಲ್ಕನೆಯದು, ಆಸ್ಟಿನ್‌ನಲ್ಲಿ ನಾಲ್ಕನೆಯದು, ಫೂಜಿಯಲ್ಲಿ ಐದನೆಯದು, ಶಾಂಘೈಯಲ್ಲಿ ಮತ್ತೆ ನಾಲ್ಕನೆಯದು, ಬಹರೈನಿನಲ್ಲಿ ಆರನೆಯದು. ಲ ಮಾನ್ ಬಳಿಕ ಒಮ್ಮೆಯೂ ಆ ಮೂವರು ಬಹುಮಾನದ ವೇದಿಕೆ ಹತ್ತಲಿಲ್ಲ.

ಗಣಿತದ ಮಾಸ್ತರರ ಪುಸ್ತಕದಲ್ಲಿ ಆ ಕಾಲಮ್ಮು ಹೀಗಿದೆ: 12, 12, 12, 10, 12, 8. ಒಟ್ಟು 66. ಹಿಂದಿನ 94 ಸೇರಿ 160. ಒಂಬತ್ತು ಓಟಗಳಲ್ಲಿ ಒಂದರಲ್ಲಿಯೂ ಸೊನ್ನೆಯಿಲ್ಲ. ನಾಲ್ಕು ಓಟ ಗೆದ್ದ ಸೋದರ ಕಾರು ಮೊದಲ ಮೂರು ಓಟಗಳಲ್ಲಿ ಕಳೆದುಕೊಂಡದ್ದನ್ನು ತುಂಬಿಕೊಳ್ಳಲಾಗಲಿಲ್ಲ. ನವೆಂಬರ್ 19ರಂದು ಬಹರೈನಿನಲ್ಲಿ ಕಾರೊಂದಕ್ಕೆ ತಾಗಿ ಟೈರು ಒಡೆದು, ಹಿಂದೆ ಬಿದ್ದು, ಆರನೆಯದಾಗಿ ಗೆರೆ ದಾಟಿದಾಗ ಡ್ಯೂಮಾ, ಯಾನಿ ಮತ್ತು ಲೀಬ್ ವಿಶ್ವ ಚಾಂಪಿಯನ್ನರಾದರು.

"ಇದು ಪಾಸಾದವರ ಗೆಲುವು, ರ‍್ಯಾಂಕಿನವರದಲ್ಲ" ಎಂದು ಡ್ರಿಲ್ ಮಾಸ್ತರರು ನಕ್ಕರು. ಗಣಿತದ ಮಾಸ್ತರರು ಒಪ್ಪಲಿಲ್ಲ. ಆ 66 ಅಂಕಗಳಿಲ್ಲದಿದ್ದರೆ 94 ವ್ಯರ್ಥ, ಆ 94 ಇಲ್ಲದಿದ್ದರೆ 66 ವ್ಯರ್ಥ. ಲ ಮಾನ್‌ನ 50ಕ್ಕೆ ಚಪ್ಪಾಳೆ ತಟ್ಟಿದ ಜನ ನಾಲ್ಕನೆಯ ಸ್ಥಾನದ 12ಕ್ಕೆ ತಟ್ಟುವುದಿಲ್ಲ, ಆದರೆ ಕೂಡಿಸುವಾಗ ಎರಡೂ ಒಂದೇ ಬಗೆಯ ಅಂಕಗಳು ಎಂಬುದು ಅವರ ವಾದ. ಮೂವತ್ತಮೂರು ವರ್ಷ ಕೂಡಿಸುವ ಲೆಕ್ಕ ಕಲಿಸಿದವರೊಡನೆ ವಾದಿಸಿ ಫಲವಿರಲಿಲ್ಲ.

ಅದೇ ಋತುವಿನ ಇನ್ನೆರಡು ಸಂಗತಿಗಳನ್ನು ಬಿಡುವಂತಿಲ್ಲ. ಒಂದು, ಅಕ್ಟೋಬರಿನ ಫೂಜಿ ಓಟ. ಲ ಮಾನ್‌ನಲ್ಲಿ ಕಣ್ಣೀರಿಟ್ಟ ಟೊಯೋಟಾ ತನ್ನ ತವರಿನಲ್ಲಿ ಗೆದ್ದಿತು. ಆರನೆಯ ಸಂಖ್ಯೆಯ ಕಾರಿನಲ್ಲಿದ್ದ ಕಮುಯಿ ಕೊಬಯಾಶಿ ಕೊನೆಯ ಪಾಳಿಯಲ್ಲಿ ಟೈರು ಬದಲಿಸದೆ, ಸವೆದವುಗಳಲ್ಲಿಯೇ ಓಡಿಸಿ, ಬೆನ್ನಟ್ಟಿ ಬಂದ ಆಡಿಯನ್ನು ಹಿಂದೆಯೇ ಉಳಿಸಿದರು. ಆರು ಗಂಟೆಗಳ ಓಟದ ಕೊನೆಯಲ್ಲಿ ಅಂತರ ಒಂದೂವರೆ ಸೆಕೆಂಡಿಗಿಂತಲೂ ಕಡಿಮೆ. ಇನ್ನೊಂದು, ಆಡಿಯ ನಿರ್ಗಮನ. 2000ದಿಂದ 2014ರವರೆಗೆ ಹದಿಮೂರು ಬಾರಿ ಲ ಮಾನ್ ಗೆದ್ದಿದ್ದ ಆ ಕಂಪೆನಿ ಇನ್ನು ಈ ಓಟಕ್ಕಿಲ್ಲವೆಂದು ಅಕ್ಟೋಬರ್ ಕೊನೆಯ ವಾರದಲ್ಲಿ ಘೋಷಿಸಿತು. ಕೊನೆಯ ಓಟವಾದ ಬಹರೈನಿನಲ್ಲಿ ಅದರ ಕಾರುಗಳು ಮೊದಲ ಎರಡು ಸ್ಥಾನಗಳನ್ನೂ ಪಡೆದವು. ಗಣಿತದ ಮಾಸ್ತರರ ಅಳಿಯ ನಮ್ಮೂರಿನ ಅನೇಕರಂತೆ ಕೊಲ್ಲಿ ನಾಡಿನಲ್ಲಿ ಉದ್ಯೋಗದಲ್ಲಿದ್ದವರು. ಮಾವನ ಒತ್ತಾಯಕ್ಕೆ ಆ ಓಟ ನೋಡಲು ಹೋಗಿದ್ದರು. ಉಳಿದ ಕಾರುಗಳ ಅಬ್ಬರದ ನಡುವೆ ಡೀಸೆಲಿನ ಆಡಿ ಸದ್ದಿಲ್ಲದೆ ಹಾದುಹೋಗುತ್ತದೆ, ಬಂದದ್ದೇ ಗೊತ್ತಾಗುವುದಿಲ್ಲ ಎಂದು ಅವರು ಫೋನಿನಲ್ಲಿ ಹೇಳಿದರು. ವಿಜೃಂಭಿಸಿದವರು ಹೊರಡುವುದೂ ಹಾಗೆಯೇ ಎಂದುಕೊಂಡೆವು.

ಈ ಓಟದಲ್ಲಿ ನಮ್ಮವರಾರಾದರೂ ಇದ್ದಾರೆಯೇ ಎಂದು ಓದುಗರು ಕೇಳಬಹುದು. ಚೆನ್ನೈಯ ಕರುಣ್ ಚಂಧೋಕ್ 2012ರಲ್ಲಿ ಲ ಮಾನ್ ಓಟದಲ್ಲಿ ಭಾಗವಹಿಸಿದ ಮೊದಲ ಭಾರತೀಯರು. ಅವರ ಕಾರು ಒಟ್ಟಾರೆ ಆರನೆಯ ಸ್ಥಾನ ಗಳಿಸಿತು. ಅವರಿಗಿಂತ ಮೊದಲು, 2009ರಲ್ಲಿ ನಾರಾಯಣ್ ಕಾರ್ತಿಕೇಯನ್ ಹೋಗಿದ್ದರು. ಆದರೆ ಓಟಕ್ಕೆ ಮುನ್ನ ಭುಜಕ್ಕೆ ಪೆಟ್ಟಾಗಿ ಚಕ್ರ ಹಿಡಿಯುವ ಭಾಗ್ಯ ಅವರದಾಗಲಿಲ್ಲ. 2019ರಲ್ಲಿ ನಮ್ಮ ಬೆಂಗಳೂರಿನ ಅರ್ಜುನ್ ಮೈನಿ ಎರಡನೆಯ ವರ್ಗದಲ್ಲಿ ಅಲ್ಲಿ ಓಡಿಸಿದರು. ಆ ಸುದ್ದಿಯನ್ನು ಮೊಮ್ಮಗ ಫೋನು ಮಾಡಿ ತಿಳಿಸಿದ.

ಗಣಿತದ ಮಾಸ್ತರರು ಅದನ್ನು ಕೇಳಲು ಇರಲಿಲ್ಲ. 2017ರ ಡಿಸೆಂಬರಿನಲ್ಲಿ, ಅಲ್ಪಕಾಲದ ಅಸ್ವಾಸ್ಥ್ಯದ ಬಳಿಕ ಅವರು ನಮ್ಮನ್ನಗಲಿದರು. ಹದಿಮೂರನೆಯ ದಿನ ಅವರ ಮಗಳು ಆ ನೂರು ಪುಟದ ಪುಸ್ತಕವನ್ನು ತಂದು, "ಇದು ನಿಮ್ಮಲ್ಲಿ ಇರಬೇಕಾದ್ದು ಮಾವ" ಎಂದು ಕೈಗಿತ್ತರು. ಮುಂದಿನ ಜೂನಿನ ಓಟವನ್ನು ನಾವಿಬ್ಬರೇ ನೋಡಿದೆವು. 2018ರ ಜೂನ್ 17ರಂದು ಟೊಯೋಟಾದ ಎಂಟನೆಯ ಸಂಖ್ಯೆಯ ಕಾರು 388 ಸುತ್ತು ಓಡಿ ಲ ಮಾನ್ ಗೆದ್ದಿತು. ಕೊನೆಯ ಪಾಳಿಯಲ್ಲಿ ಚಕ್ರ ಹಿಡಿದಿದ್ದವರು ಅದೇ ನಕಜಿಮಾ. ಬ್ಯುಯೆಮಿಯೂ ಜೊತೆಗಿದ್ದರು. ಮೂರನೆಯವರಾಗಿ ಸ್ಪೇನಿನ ಫೆರ್ನಾಂಡೊ ಅಲೊನ್ಸೊ ಬಂದಿದ್ದರು. ಎರಡು ವರ್ಷಗಳ ಹಿಂದೆ ಆ ಮೂರು ನಿಮಿಷಗಳ ಸಂಕಟವನ್ನು ಹಂಚಿಕೊಂಡಿದ್ದ ಡೇವಿಡ್ಸನ್ ಆ ಸಲ ಬದಲಿ ಚಾಲಕರಷ್ಟೇ. ಗೆದ್ದ ಕಾರಿನಲ್ಲಿ ಅವರಿಗೆ ಜಾಗವಿರಲಿಲ್ಲ. ಡ್ರಿಲ್ ಮಾಸ್ತರರು ಪುಸ್ತಕ ತೆರೆದು, ಗಣಿತದ ಮಾಸ್ತರರ ಮುದ್ದಾದ ಅಂಕೆಗಳ ಕೆಳಗೆ, ತಮ್ಮ ಒರಟು ಅಕ್ಷರದಲ್ಲಿ 2018ರ ಫಲಿತಾಂಶವನ್ನು ಬರೆದರು. ಬಹಳ ಹೊತ್ತು ಪುಸ್ತಕ ಮುಚ್ಚಲಿಲ್ಲ.

ಸಂಘದ ಬಂಧುಗಳ ಮುಂದೆ ಇಷ್ಟನ್ನು ಹೇಳಿದ್ದಕ್ಕೆ ಕಾರಣವಿದೆ. ಗಡಿನಾಡಿನಲ್ಲಿ ನಾವು ಸಮ್ಮೇಳನಗಳನ್ನು ಚೆನ್ನಾಗಿ ನಡೆಸುತ್ತೇವೆ. ಮೆರವಣಿಗೆ, ಗೋಷ್ಠಿ, ಸನ್ಮಾನ, ಇವೆಲ್ಲ ಬೇಕು. ಅವು ನಮ್ಮ ಲ ಮಾನ್, ಅವುಗಳಿಗೆ ಇಮ್ಮಡಿ ಅಂಕವಿದೆ. ಆದರೆ ಋತುವಿನಲ್ಲಿ ಉಳಿದ ಓಟಗಳೂ ಇವೆ. ಮಳೆಗಾಲದ ಮಂಗಳವಾರ ಹಾಜರಿ ತೆಗೆಯುವುದು, ಕನ್ನಡ ಪಠ್ಯಪುಸ್ತಕ ತಡವಾದಾಗ ಹಳೆಯದನ್ನು ಹುಡುಕಿ ಕೊಡುವುದು, ತೋಡಿನ ಆಚೆಯ ಮಗುವಿಗೆ ದಾರಿ ಮಾಡುವುದು, ಸಂಘದ ವಾಚನಾಲಯದ ಬಾಗಿಲನ್ನು ಯಾರೂ ಬಾರದ ಸಂಜೆಯೂ ತೆರೆಯುವುದು. ಇವುಗಳಿಗೆ ವೇದಿಕೆಯಿಲ್ಲ, ಹನ್ನೆರಡು ಅಂಕವಿದೆ.

2016ರ ಆ ಒಂಬತ್ತು ಮಕ್ಕಳಲ್ಲಿ ಇಬ್ಬರು ನಡುವೆ ಬೇರೆ ಊರಿಗೆ ಹೋದರು. ಉಳಿದ ಏಳು ಮಂದಿ ಈ ಶಾಲಾ ವರ್ಷದಲ್ಲಿ ಹತ್ತನೆಯ ತರಗತಿಯಲ್ಲಿದ್ದಾರೆ. ರಿಕ್ಷಾದಲ್ಲಿ ಬಂದ ಆ ಹುಡುಗಿಯೂ ಹುಡುಗನೂ ಅವರಲ್ಲಿ ಇದ್ದಾರೆ. ತೋಡಿಗೆ ಈಗ ಕಾಂಕ್ರೀಟಿನ ಕಿರುಸೇತುವೆಯಾಗಿದೆ. ಡ್ರಿಲ್ ಮಾಸ್ತರರಿಗೆ ಮಂಡಿ ನೋವು, ನಮಗೆ ಗುಡ್ಡ ಹತ್ತಿದರೆ ಉಸಿರು ಸಾಲದು. ಕಳೆದ ಎರಡು ವರ್ಷಗಳಿಂದ ಮನೆ ಮನೆಗೆ ಹೋಗುತ್ತಿರುವವರು ಬೇರೆ ಮೂವರು. ಒಬ್ಬರು ಅಧ್ಯಾಪಿಕೆ, ಒಬ್ಬರು ಸಹಕಾರಿ ಬ್ಯಾಂಕಿನ ಗುಮಾಸ್ತರು, ಒಬ್ಬ ನಮ್ಮದೇ ಶಾಲೆಯಲ್ಲಿ ಓದಿ ರಿಕ್ಷಾ ಓಡಿಸುವ ಯುವಕ. ಮನೆಗಳ ಪಟ್ಟಿಯಿರುವ ಆ ಪುಸ್ತಕವನ್ನು ಅವರಿಗೆ ಕೊಟ್ಟಿದ್ದೇವೆ. ಮುಂದಿನ ಹಾಳೆಗಳು ಖಾಲಿ ಇವೆ. ಈ ವರ್ಷವೂ ಏಪ್ರಿಲಿನಲ್ಲಿಯೇ ಹೊರಡುವುದಾಗಿ ಅವರು ಹೇಳಿದ್ದಾರೆ.